ಟ್ರಾಕ್ಟರಿನ ಷಾಫ್ಟನ್ನೂ ಅದರ ಕ್ಯಾಪುಗಳನ್ನೂ ಕಳಚುವ ಕ್ರಮ

ಎತ್ತಿನ ಗಾಡಿಯನ್ನು ಇಟ್ಟುಕೊಂಡು ಬಾಳಿದ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ಸಾಯಂಕಾಲ ಯಜಮಾನನು ತಾನೇ ಗಾಡಿಯ ಬಳಿ ಕುಳಿತು, ಕಡಾಣಿಯನ್ನು ಕಿತ್ತು, ಚಕ್ರವನ್ನು ಅಚ್ಚಿನಿಂದ ತುಸು ಹೊರಕ್ಕೆ ಸರಿಸಿ, ಕೀಲೆಣ್ಣೆಯನ್ನು ಸವರಿ, ಕಡಾಣಿಯನ್ನು ಮರಳಿ ತೊಡಿಸಿ, ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಮಲಗಲು ಹೋಗುತ್ತಿದ್ದನು. ಹೇಮಗಿರಿಯ ದನಗಳ ಜಾತ್ರೆಗಾಗಲಿ, ಬೇಬಿಬೆಟ್ಟದ ಜಾತ್ರೆಗಾಗಲಿ ಹೊರಡತಕ್ಕ ಗಾಡಿಯು ಈ ಪರೀಕ್ಷೆಗೆ ಒಳಗಾಗದೆ ಊರ ಬಾಗಿಲನ್ನು ದಾಟುತ್ತಿರಲಿಲ್ಲ. ಕಡಾಣಿ ಕಳಚಿದ ಗಾಡಿಯ ಗತಿ ಏನಾಗುವುದೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು.

ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಉಳುಮೆಯ ಮತ್ತು ಸಾಗಣೆಯ ಭಾರವನ್ನು ಬಹುಮಟ್ಟಿಗೆ ಟ್ರಾಕ್ಟರು ವಹಿಸಿಕೊಂಡಿದೆ. ಆದರೆ ಗಾಡಿಯೊಂದಿಗಿದ್ದ ಆ ಸಾಯಂಕಾಲದ ಪದ್ಧತಿಯು ಟ್ರಾಕ್ಟರಿನೊಂದಿಗೆ ಬರಲಿಲ್ಲ. ಯಂತ್ರದ ಕೀಲುಗಳು ಉಕ್ಕಿನ ಬಟ್ಟಲುಗಳೊಳಗೆ ಅಡಗಿರುವುದರಿಂದ ಅವು ಸವೆಯುವುದು ಕಣ್ಣಿಗೆ ಬೀಳುವುದಿಲ್ಲ. ನಾಲೆಗೆ ನೀರು ಬಂದಿರುವಾಗಲೋ, ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದಿರುವಾಗಲೋ ಕೀಲು ಮುರಿದಾಗ ಮಾತ್ರ ಅದರ ನೆನಪಾಗುತ್ತದೆ. ಆಗ ಅವಸರದಲ್ಲಿ ಕೈಗೆ ಸಿಕ್ಕುವ ಸಾಧನವೆಂದರೆ ದೊಡ್ಡ ಸುತ್ತಿಗೆ. ಒಂದು ಬಟ್ಟಲು ಮಾತ್ರ ಸವೆದಿದ್ದ ಷಾಫ್ಟಿನಲ್ಲಿ, ಸುತ್ತಿಗೆಯ ಏಟುಗಳು ಮುಗಿಯುವ ಹೊತ್ತಿಗೆ, ಕವಲು ಬಾಗಿ ಕೊಳವೆ ನೆಗ್ಗಿರುವುದುಂಟು. ಸವೆತದಿಂದಾಗುವ ನಷ್ಟಕ್ಕಿಂತ ಕಳಚುವ ಕೈಯಿಂದಾಗುವ ನಷ್ಟವೇ ಹೆಚ್ಚು; ಕ್ರಮವರಿತು ಕಳಚಿದರೆ ಈ ನಷ್ಟವನ್ನು ಪೂರ್ಣವಾಗಿ ತಪ್ಪಿಸಬಹುದಾಗಿದೆ.

ನಾಲ್ಕು ತಾಲ್ಲೂಕುಗಳಲ್ಲಿ ಸವೆತದ ಕಾರಣಗಳು

ಕೀಲು ಸವೆಯುವ ಬಗೆಯು ಭೂಮಿಯ ಗುಣವನ್ನೂ ಬೆಳೆಯ ಸ್ವಭಾವವನ್ನೂ ಅನುಸರಿಸುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ ಮೊದಲಾದ ಹಳೆಯ ಕಾಲುವೆಗಳ ಕೆಳಗೆ ಭತ್ತದ ಗದ್ದೆಗಳಿವೆ. ಕೆಸರು ಕಲಸುವಾಗ ರೋಟವೇಟರಿನ ಷಾಫ್ಟು ದಿನವೆಲ್ಲ ಕೆಸರುನೀರಿನ ಎರಚಲಿಗೆ ಸಿಕ್ಕಿರುತ್ತದೆ. ಕೀಲಿನ ರಬ್ಬರು ಬಳೆ ಹಳತಾಗಿದ್ದರೆ ನೀರು ಒಳಕ್ಕೆ ಸೇರಿ ಗ್ರೀಸನ್ನು ತೊಳೆದುಬಿಡುತ್ತದೆ. ಕೆಲಸ ಮುಗಿದು ಯಂತ್ರವು ಕೊಟ್ಟಿಗೆಯಲ್ಲಿ ನಿಂತಿರುವ ತಿಂಗಳುಗಳಲ್ಲಿ ಒಳಗೆ ತುಕ್ಕು ಹಿಡಿಯುತ್ತದೆ.

ಪಾಂಡವಪುರ ತಾಲ್ಲೂಕಿನಲ್ಲಿ ಕಬ್ಬಿನ ಸಾಗಣೆಯೇ ಮುಖ್ಯ. ಇಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಟ್ರೈಲರಿನ ಅಚ್ಚು ಮತ್ತು ಚಕ್ರದ ಬೇರಿಂಗುಗಳು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯುವುದು ಉತ್ತಮವೆಂಬುದು ಬೆಳೆಗಾರರೆಲ್ಲರೂ ಬಲ್ಲ ಸಂಗತಿ; ತಡವಾದಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಈ ಅವಸರದಲ್ಲಿ ಚಕ್ರದ ಆರೈಕೆಯನ್ನು ನಾಳೆಗೆ ಮುಂದೂಡುವುದು ವಾಡಿಕೆಯಾಗಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ತೆಂಗಿನ ತೋಟಗಳಲ್ಲಿ ಮರಗಳ ಸಾಲುಗಳ ನಡುವೆ ಟ್ರಾಕ್ಟರನ್ನು ಮೇಲಿಂದ ಮೇಲೆ ತಿರುಗಿಸಬೇಕಾಗುತ್ತದೆ. ಷಾಫ್ಟು ತಿರುಗುತ್ತಿರುವಂತೆಯೇ ರೋಟವೇಟರನ್ನು ಎತ್ತಿ ಹೊರಳಿಸಿದರೆ ಕೀಲು ವಿಪರೀತವಾಗಿ ಬಾಗಿ ಕಟಕಟನೆ ಶಬ್ದ ಮಾಡುತ್ತದೆ. ಆ ಶಬ್ದವು ಕೀಲಿನ ಆಯುಸ್ಸು ಕುಗ್ಗುತ್ತಿರುವ ಸೂಚನೆಯೆಂದು ತಿಳಿಯತಕ್ಕದ್ದು. ನಾಗಮಂಗಲ ತಾಲ್ಲೂಕಿನಲ್ಲಿ ಮಳೆಯಾಶ್ರಯದ ರಾಗಿ, ಹುರುಳಿ ಹೊಲಗಳೇ ಹೆಚ್ಚು. ಅಲ್ಲಿಯ ಕೆಂಪು ಗರಸು ಭೂಮಿಯಲ್ಲಿ ಅಲಗು ಕಲ್ಲಿಗೆ ತಗುಲಿದಾಗ ಅದರ ಏಟು ಷಾಫ್ಟಿನ ಕೀಲಿಗೂ ಮುಟ್ಟುತ್ತದೆ; ಬೇಸಿಗೆಯ ಧೂಳು ಗ್ರೀಸಿನೊಂದಿಗೆ ಬೆರೆತು ಅರದಂತೆ ಉಕ್ಕನ್ನು ತಿನ್ನುತ್ತದೆ.

ಷಾಫ್ಟಿನ ರಚನೆ

ಟ್ರಾಕ್ಟರಿನ ಹಿಂಬದಿಯಲ್ಲಿ ಹೊರಚಾಚಿರುವ ಹಲ್ಲುಗಳುಳ್ಳ ದಂಡಕ್ಕೆ ಪಿ.ಟಿ.ಒ. ಎಂದು ಹೆಸರು. ಇದರ ಅಳತೆಯೂ ವೇಗವೂ ಒಂದೊಂದು ಕಾರ್ಖಾನೆಯಲ್ಲಿ ಒಂದೊಂದಾಗಿದ್ದರೆ ರೈತರಿಗೆ ತೊಂದರೆಯೆಂದು ಅಮೆರಿಕದ ವ್ಯವಸಾಯ ಇಂಜಿನಿಯರುಗಳ ಸಂಘವು ೧೯೨೭ರಲ್ಲಿ ಒಂದು ಮಾನಕವನ್ನು ಗೊತ್ತುಮಾಡಿತು. ಅದರಿಂದ ಬೆಳೆದುಬಂದ ನಿಮಿಷಕ್ಕೆ ೫೪೦ ಸುತ್ತುಗಳ ವೇಗವೂ, ೧⅜ ಅಂಗುಲದ ಆರು ಹಲ್ಲುಗಳ ದಂಡವೂ ಇಂದಿಗೂ ಬಳಕೆಯಲ್ಲಿವೆ.

ಈ ದಂಡದಿಂದ ರೋಟವೇಟರಿಗೆ ಬಲವನ್ನು ಒಯ್ಯುವ ಷಾಫ್ಟು ಒಂದರೊಳಗೊಂದು ಜಾರುವ ಎರಡು ಭಾಗಗಳಿಂದಾಗಿದೆ. ಅದರ ಎರಡು ಕೊನೆಗಳಲ್ಲಿಯೂ ಒಂದೊಂದು ಕೀಲಿದೆ. ಯೂರೋಪಿನಲ್ಲಿ ಕಾರ್ಡಾನನ ಹೆಸರಿನಿಂದಲೂ, ೧೭ನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ಕನ ಹೆಸರಿನಿಂದಲೂ ಕರೆಯಲ್ಪಡುವ ಕೀಲು ಇದೇ. ಎರಡು ಕವಲುಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡಿರುತ್ತದೆ. ಇದಕ್ಕೆ ಕ್ರಾಸ್ ಎನ್ನುತ್ತಾರೆ. ಕ್ರಾಸಿನ ನಾಲ್ಕು ತುದಿಗಳಿಗೂ ಬಟ್ಟಲಿನಂಥ ಒಂದೊಂದು ಕ್ಯಾಪನ್ನು ತೊಡಿಸಿ, ಆ ಕ್ಯಾಪುಗಳನ್ನು ಕವಲಿನ ಕಿವಿಗಳ ರಂಧ್ರದಲ್ಲಿ ಬಿಗಿಯಾಗಿ ಕೂರಿಸಿರುತ್ತಾರೆ. ಕ್ಯಾಪಿನ ಒಳಗೋಡೆಯ ಸುತ್ತಲೂ ಸೂಜಿಯಂತೆ ತೆಳ್ಳಗಿರುವ ಉರುಳೆಗಳು ನಿಂತಿರುತ್ತವೆ. ಕ್ಯಾಪು ಹೊರಕ್ಕೆ ಜಾರದಂತೆ ತಡೆಯುವುದು ಸರ್ಕ್ಲಿಪ್ ಎಂಬ, ಬಾಯಿ ತೆರೆದ ಉಕ್ಕಿನ ಸಣ್ಣ ಬಳೆ. ಗಾಡಿಗೆ ಕಡಾಣಿ ಹೇಗೋ ಈ ಕೀಲಿಗೆ ಸರ್ಕ್ಲಿಪ್ ಹಾಗೆ.

ಮೊದಲು ಯಂತ್ರವನ್ನು ನಿಲ್ಲಿಸತಕ್ಕದ್ದು

ನಿಮಿಷಕ್ಕೆ ೫೪೦ ಸುತ್ತುಗಳೆಂದರೆ ಸೆಕೆಂಡಿಗೆ ೯ ಸುತ್ತುಗಳಾದುವು. ಎರಡು ಅಂಗುಲ ದಪ್ಪದ ಷಾಫ್ಟು ಈ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು ಒಂದೂವರೆ ಗಜ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವಲಿನ ಅಂಚು, ಪಂಚೆಯ ತುದಿ, ಸೀರೆಯ ಸೆರಗು, ಇವುಗಳಲ್ಲಿ ಯಾವುದೊಂದು ಸಿಕ್ಕಿದರೂ ಮನುಷ್ಯನು ಕೂಗಿಕೊಂಡು, ಚಾಲಕನು ತಿರುಗಿ ನೋಡುವಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ. ಕೈಯನ್ನು ಹಿಂದಕ್ಕೆಳೆದುಕೊಳ್ಳುವೆನೆಂಬ ಧೈರ್ಯಕ್ಕೆ ಇಲ್ಲಿ ಅವಕಾಶವಿಲ್ಲ.

ಆದುದರಿಂದ ಷಾಫ್ಟನ್ನು ಮುಟ್ಟುವ ಮೊದಲು ಟ್ರಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ರೋಟವೇಟರನ್ನು ನೆಲಕ್ಕೆ ಇಳಿಸಿ, ಪಿ.ಟಿ.ಒ. ಹಿಡಿಯನ್ನು ಬಿಡಿಸಿ, ಇಂಜಿನನ್ನು ಆರಿಸಿ, ಹ್ಯಾಂಡ್‌ಬ್ರೇಕನ್ನು ಹಾಕಬೇಕು. ಬೀಗದ ಕೈಯು ಕೆಲಸ ಮಾಡುವವನ ಜೇಬಿನಲ್ಲಿಯೇ ಇರತಕ್ಕದ್ದು. ಎತ್ತಿ ನಿಲ್ಲಿಸಿದ ರೋಟವೇಟರಿನ ಕೆಳಗೆ, ಹೈಡ್ರಾಲಿಕ್ ಶಕ್ತಿಯನ್ನು ನಂಬಿ, ಯಾರೂ ಕೈಯನ್ನಾಗಲಿ ತಲೆಯನ್ನಾಗಲಿ ಇಡಕೂಡದು. ಮಕ್ಕಳನ್ನು ದೂರವಿರಿಸಬೇಕು.

ಕಳಚುವ ಕ್ರಮ

ಮೊದಲನೆಯದಾಗಿ, ಗುರುತು ಹಾಕುವುದು. ಷಾಫ್ಟಿನ ಎರಡು ಭಾಗಗಳನ್ನು ಬೇರ್ಪಡಿಸುವುದಕ್ಕೆ ಮುಂಚೆ ಎರಡರ ಮೇಲೂ ಒಂದೇ ನೇರದಲ್ಲಿ ಬಣ್ಣದ ಗೆರೆಯನ್ನು ಎಳೆಯಬೇಕು. ಬಾಗಿದ ಕೀಲು ಸಮವೇಗದಿಂದ ತಿರುಗುವುದಿಲ್ಲ. ಒಂದು ಸುತ್ತಿನೊಳಗೆ ಎರಡು ಸಲ ವೇಗವು ಏರಿ ಎರಡು ಸಲ ಇಳಿಯುತ್ತದೆ. ಒಂದು ಕೊನೆಯ ಏರಿಳಿತವನ್ನು ಇನ್ನೊಂದು ಕೊನೆಯ ಕೀಲು ಸರಿತೂಗಿಸಬೇಕಾದರೆ ಕೊಳವೆಗೆ ಸೇರಿರುವ ಎರಡು ಕವಲುಗಳೂ ಒಂದೇ ಸಮತಲದಲ್ಲಿರಬೇಕು. ಗುರುತಿಲ್ಲದೆ ಬಿಚ್ಚಿ ಅಡ್ಡಾದಿಡ್ಡಿಯಾಗಿ ಜೋಡಿಸಿದರೆ ಹೊಸ ಕ್ರಾಸ್ ಕೂಡ ಬೇಗನೆ ಹಾಳಾಗುವುದು. ಗೇರ್ ಪೆಟ್ಟಿಗೆಗೂ ನಡುಕ ತಟ್ಟುವುದು.

ಎರಡನೆಯದಾಗಿ, ಷಾಫ್ಟನ್ನು ಟ್ರಾಕ್ಟರಿನಿಂದ ಬಿಡಿಸುವುದು. ಕವಲಿನ ಬುಡದಲ್ಲಿರುವ ಗುಂಡಿಯನ್ನು ಒತ್ತಿದರೆ ಅಥವಾ ಕೊರಳಪಟ್ಟಿಯನ್ನು ಹಿಂದಕ್ಕೆಳೆದರೆ ಷಾಫ್ಟು ಹಲ್ಲುಗಳ ಮೇಲಿಂದ ಜಾರಿಬರುತ್ತದೆ. ಬಾರದಿದ್ದರೆ ಅದು ಮಣ್ಣಿನಿಂದಲೋ ತುಕ್ಕಿನಿಂದಲೋ ಹಿಡಿದುಕೊಂಡಿದೆಯೆಂದರ್ಥ. ತುಕ್ಕು ಬಿಡಿಸುವ ಎಣ್ಣೆಯನ್ನು ಅಥವಾ ಡೀಸೆಲನ್ನು ಸುರಿದು ಒಂದು ರಾತ್ರಿ ಬಿಡಬೇಕು. ಮೇಲಿನ ಪ್ಲಾಸ್ಟಿಕ್ ಕವಚವನ್ನು ಕೊಂಡಿಗಳಿಂದ ಬಿಡಿಸಿ ಜೋಪಾನವಾಗಿ ಎತ್ತಿಡಬೇಕು.

ಮೂರನೆಯದಾಗಿ, ಶುಚಿ. ಕೀಲನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಡೀಸೆಲಿನಿಂದ ತೊಳೆಯಬೇಕು. ಪೆಟ್ರೋಲನ್ನು ಎಂದಿಗೂ ಉಪಯೋಗಿಸಕೂಡದು. ಗ್ರೀಸ್ ತುಂಬುವ ನಿಪ್ಪಲನ್ನು ಮೊದಲೇ ತಿರುಚಿ ತೆಗೆದಿಟ್ಟರೆ ಅದು ಮುಂದೆ ಕವಲಿಗೆ ತಗುಲಿ ಮುರಿಯುವುದು ತಪ್ಪುತ್ತದೆ.

ನಾಲ್ಕನೆಯದಾಗಿ, ಸರ್ಕ್ಲಿಪ್ಪುಗಳನ್ನು ತೆಗೆಯುವುದು. ಹೆಚ್ಚಿನ ಷಾಫ್ಟುಗಳಲ್ಲಿ ಇವು ಕಿವಿಯ ಹೊರಬದಿಯಲ್ಲಿರುತ್ತವೆ, ಕೆಲವುಗಳಲ್ಲಿ ಒಳಬದಿಯಲ್ಲಿರುತ್ತವೆ. ಇದಕ್ಕೆಂದೇ ಇರುವ ಚೂಪುಮೂತಿಯ ಇಕ್ಕುಳದಿಂದ ಬಳೆಯ ಬಾಯನ್ನು ಕೂಡಿಸಿ ತೆಗೆಯಬೇಕು. ಸಡಿಲವಾಗದಿದ್ದರೆ ಕ್ಯಾಪಿನ ಮೇಲೆ ಹಿತ್ತಾಳೆಯ ತುಂಡನ್ನಿಟ್ಟು ಒಳಮುಖವಾಗಿ ಮೆಲ್ಲನೆ ತಟ್ಟಿದರೆ ಬಳೆಯ ಮೇಲಿನ ಒತ್ತಡ ಇಳಿಯುತ್ತದೆ. ಸರ್ಕ್ಲಿಪ್ ಚಿಮ್ಮಿ ಕಣ್ಣಿಗೆ ಬಡಿಯುವ ಸಂಭವವಿರುವುದರಿಂದ ಕನ್ನಡಕವನ್ನು ಧರಿಸುವುದು ಲೇಸು.

ಐದನೆಯದಾಗಿ, ಕ್ಯಾಪುಗಳನ್ನು ಹೊರಡಿಸುವುದು. ಇಲ್ಲಿ ಬೇಕಾದದ್ದು ಏಟಲ್ಲ, ಒತ್ತಡ. ಗಟ್ಟಿಯಾದ ವೈಸನ್ನೂ ಎರಡು ಸಾಕೆಟ್ಟುಗಳನ್ನೂ ಸಿದ್ಧಮಾಡಿಕೊಳ್ಳಬೇಕು. ಒಂದು ಸಾಕೆಟ್ಟು ಕ್ಯಾಪಿಗಿಂತ ತುಸು ಕಿರಿದಾಗಿರಬೇಕು. ಇನ್ನೊಂದು ಕ್ಯಾಪು ಒಳಹೋಗುವಷ್ಟು ಹಿರಿದಾಗಿರಬೇಕು. ಕಿರಿಯ ಸಾಕೆಟ್ಟನ್ನು ಒಂದು ಕ್ಯಾಪಿನ ಮೇಲೂ, ಹಿರಿಯ ಸಾಕೆಟ್ಟನ್ನು ಎದುರು ಕಿವಿಯ ಮೇಲೂ ಇಟ್ಟು ವೈಸನ್ನು ನಿಧಾನವಾಗಿ ಬಿಗಿಸಿದರೆ, ಎದುರಿನ ಕ್ಯಾಪು ಹಿರಿಯ ಸಾಕೆಟ್ಟಿನೊಳಕ್ಕೆ ಸರಿಯುತ್ತದೆ. ಅದು ಪೂರ್ತಿಯಾಗಿ ಬಾರದೆ ಕೊಂಚ ಹೊರಚಾಚಿ ನಿಲ್ಲುವುದು. ಹಾಗೆ ಚಾಚಿದ ಭಾಗವನ್ನು ವೈಸಿನಲ್ಲಿ ಹಿಡಿದು ಕವಲನ್ನು ಅತ್ತಿತ್ತ ತಿರುಚಿದರೆ ಕ್ಯಾಪು ಕಳಚಿಬರುವುದು. ಅನಂತರ ಷಾಫ್ಟನ್ನು ಮಗುಚಿ, ಬರಿದಾದ ಕ್ರಾಸಿನ ತುದಿಯನ್ನು ಒತ್ತಿ, ಮೊದಲನೆಯ ಕ್ಯಾಪನ್ನೂ ಹೀಗೆಯೇ ಹೊರಡಿಸಬೇಕು. ಆಗ ಕ್ರಾಸನ್ನು ವಾರೆಮಾಡಿ ಕವಲಿನಿಂದ ತೆಗೆಯಬಹುದು. ಇನ್ನೊಂದು ಕವಲಿಗೂ ಇದೇ ಕ್ರಮ.

ವೈಸು ಇಲ್ಲದ ಕಡೆ ಸುತ್ತಿಗೆಯನ್ನು ಉಪಯೋಗಿಸಲೇಬೇಕಾದರೆ ಕವಲನ್ನು ಗಟ್ಟಿಮರದ ದಿಮ್ಮಿಯ ಮೇಲೆ ಹಿರಿಯ ಸಾಕೆಟ್ಟಿನ ಆಧಾರದಿಂದ ಕೂರಿಸಿ, ಹಿತ್ತಾಳೆಯ ತುಂಡಿನ ಮೂಲಕ ಮಾತ್ರ ಹೊಡೆಯತಕ್ಕದ್ದು. ಮೃದುವಾದ ಲೋಹವು ತಾನು ನೆಗ್ಗಿ ಉಕ್ಕನ್ನು ಕಾಪಾಡುತ್ತದೆ. ಕಂಚು ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲವಿರುವ ಸೀಮೆಯಲ್ಲಿ ಇಂಥ ಒಂದು ತುಂಡನ್ನು ದೊರಕಿಸಿಕೊಳ್ಳುವುದು ಕಷ್ಟವಲ್ಲ. ಆಧಾರವಿಲ್ಲದ ಕಿವಿಯ ಮೇಲಾಗಲಿ ಕೊಳವೆಯ ಮೇಲಾಗಲಿ ಹೊಡೆದರೆ ಕವಲು ಬಾಗುವುದು ನಿಶ್ಚಯ. ಗ್ಯಾಸಿನ ಬೆಂಕಿಯಿಂದ ಕಿವಿಯನ್ನು ಕಾಯಿಸಿದರೆ ಉಕ್ಕಿನ ಹದವು ಕೆಡುತ್ತದೆ.

ಪರೀಕ್ಷೆ ಮತ್ತು ಮರುಜೋಡಣೆ

ಕಳಚಿದ ಭಾಗಗಳನ್ನು ಶುಭ್ರವಾದ ಗೋಣಿಯ ಮೇಲೆ ಕಳಚಿದ ಕ್ರಮದಲ್ಲಿಯೇ ಇಡಬೇಕು. ಕ್ರಾಸಿನ ತುದಿಯ ಮೇಲೆ ಉಗುರನ್ನು ಆಡಿಸಿದಾಗ ಗೀರುಗಳು ತಗುಲಿದರೆ, ಅಥವಾ ಉರುಳೆಗಳು ಕೂತ ಹಳ್ಳಗಳು ಕಂಡರೆ, ಅದನ್ನು ತ್ಯಜಿಸತಕ್ಕದ್ದು. ಹೊಸ ಕ್ರಾಸಿಗೆ ಹಳೆಯ ಕ್ಯಾಪನ್ನು ತೊಡಿಸುವುದು ಸುಳ್ಳು ಉಳಿತಾಯ; ಕ್ರಾಸ್, ನಾಲ್ಕು ಕ್ಯಾಪುಗಳು, ನಾಲ್ಕು ಸರ್ಕ್ಲಿಪ್ಪುಗಳು, ಇವನ್ನು ಒಂದೇ ಜೊತೆಯಾಗಿ ಕೊಳ್ಳಬೇಕು. ಅಂಗಡಿಗೆ ಹಳೆಯದನ್ನು ಒಯ್ದು ಅಳತೆಯನ್ನು ಹೋಲಿಸುವುದು ಉತ್ತಮ. ಕಿವಿಯ ರಂಧ್ರವು ಅಗಲವಾಗಿ ಹೊಸ ಕ್ಯಾಪು ಕೈಯಿಂದಲೇ ಸಡಿಲವಾಗಿ ಇಳಿಯುವಂತಿದ್ದರೆ ಕವಲನ್ನೇ ಬದಲಾಯಿಸಬೇಕು.

ಜೋಡಿಸುವಾಗ ಉರುಳೆಗಳು ಬೀಳದಂತೆ ಕ್ಯಾಪಿನೊಳಗೆ ಗ್ರೀಸನ್ನು ಸವರಬೇಕು. ಒಂದೇ ಒಂದು ಉರುಳೆ ಅಡ್ಡಬಿದ್ದು ತಳದಲ್ಲಿ ಉಳಿದರೂ ಕ್ಯಾಪು ಪೂರ್ತಿಯಾಗಿ ಇಳಿಯದೆ ಸರ್ಕ್ಲಿಪ್ಪಿನ ಗಾಡಿಯು ಕಾಣಿಸುವುದಿಲ್ಲ. ಆಗ ಬಲವಂತಪಡಿಸದೆ, ಹೊರತೆಗೆದು, ಉರುಳೆಯನ್ನು ನಿಲ್ಲಿಸಿ ಮತ್ತೆ ಒತ್ತಬೇಕು. ನಿಪ್ಪಲು ಗ್ರೀಸ್ ಗನ್ನಿಗೆ ಎಟುಕುವ ಮುಖದಲ್ಲಿರಲಿ. ನಾಲ್ಕು ಸರ್ಕ್ಲಿಪ್ಪುಗಳೂ ತಮ್ಮ ಗಾಡಿಯಲ್ಲಿ ಸುತ್ತಲೂ ಕೂತಿವೆಯೇ ಎಂದು ನೋಡಿದ ಮೇಲೆ ಕೀಲನ್ನು ಕೈಯಿಂದ ಎಲ್ಲ ದಿಕ್ಕುಗಳಿಗೂ ಬಾಗಿಸಬೇಕು. ಬಿಗಿಯಾಗಿದ್ದರೆ ಕಿವಿಯನ್ನು ಹಿತ್ತಾಳೆಯಿಂದ ಹಗುರವಾಗಿ ತಟ್ಟಿದರೆ ಸರಾಗವಾಗುವುದು.

ಅನಂತರ ಮೊದಲು ಎಳೆದ ಗೆರೆಗಳನ್ನು ಕೂಡಿಸಿ ಷಾಫ್ಟಿನ ಭಾಗಗಳನ್ನು ಸೇರಿಸಬೇಕು. ಪೂರ್ತಿ ಚಾಚಿದಾಗಲೂ ಅವು ಒಂದರೊಳಗೊಂದು ಮೂರರಲ್ಲೊಂದು ಭಾಗದಷ್ಟಾದರೂ ಸೇರಿರಬೇಕು. ಅತಿಭಾರಕ್ಕೆ ತಾನು ಮುರಿದು ಯಂತ್ರವನ್ನು ಕಾಪಾಡುವ ಷಿಯರ್ ಬೋಲ್ಟ್ ಇದ್ದಲ್ಲಿ ಅದೇ ದರ್ಜೆಯ ಬೋಲ್ಟನ್ನೇ ಹಾಕತಕ್ಕದ್ದು. ಮುರಿಯದಿರಲೆಂದು ಹೆಚ್ಚು ಗಟ್ಟಿಯಾದುದನ್ನು ಹಾಕಿದರೆ ಮುಂದಿನ ಕಲ್ಲಿಗೆ ಗೇರ್ ಪೆಟ್ಟಿಗೆಯೇ ಒಡೆಯುವುದು. ಕಟ್ಟಕಡೆಗೆ ಪ್ಲಾಸ್ಟಿಕ್ ಕವಚವನ್ನು ತೊಡಿಸಿ, ಅದು ಷಾಫ್ಟಿನೊಂದಿಗೆ ತಿರುಗದಂತೆ ಸರಪಣಿಯನ್ನು ಕಟ್ಟಬೇಕು. ಗ್ರೀಸ್ ಹಾಕಲು ಅಡ್ಡಿಯೆಂದು ಕವಚವನ್ನು ಕೊಟ್ಟಿಗೆಯ ಮೂಲೆಗೆ ಎಸೆಯುವುದು ಆಳಿನ ಪ್ರಾಣವನ್ನು ಪಣಕ್ಕಿಟ್ಟಂತೆ. ಕೆಲಸದ ಎಂಟು ಗಂಟೆಗಳಿಗೊಮ್ಮೆ, ಕೆಸರು ಗದ್ದೆಯಲ್ಲಾದರೆ ಪ್ರತಿದಿನವೂ ಸಾಯಂಕಾಲ ತೊಳೆದ ಮೇಲೆ, ಕೀಲುಗಳಿಗೆ ಗ್ರೀಸನ್ನು ತುಂಬಬೇಕು.

ಟ್ರೈಲರಿನ ಚಕ್ರ

ಟ್ರೈಲರಿನ ಚಕ್ರದ ನಡುವೆ ಕಾಣುವ ಮುಚ್ಚಳವನ್ನು ಕಳಚುವುದರಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಹೊರೆಯನ್ನು ಇಳಿಸಿ, ಬೇರೆ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ತುಸು ಸಡಿಲಿಸಿ, ಅನಂತರ ಅಚ್ಚಿನ ಕೆಳಗೆ ಜಾಕನ್ನು ಕೊಡಬೇಕು. ಜಾಕಿನ ಕೆಳಗೆ ದಪ್ಪ ಹಲಗೆಯೂ, ಅಚ್ಚಿನ ಕೆಳಗೆ ಗಟ್ಟಿಮರದ ದಿಮ್ಮಿಯೂ ಇರತಕ್ಕದ್ದು. ಜಾಕೊಂದನ್ನೇ ನಂಬಿ ಕೆಲಸಕ್ಕೆ ಕೂರಬಾರದು.

ಮುಚ್ಚಳವನ್ನು ಒಂದೇ ಕಡೆ ಮೀಟದೆ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ತಟ್ಟಿ ಬಿಡಿಸಬೇಕು. ಒಳಗೆ ಸ್ಪ್ಲಿಟ್ ಪಿನ್ನು, ಅದರ ಹಿಂದೆ ಕೋಟೆಯ ತೆನೆಗಳಂತೆ ಗಾಡಿಗಳುಳ್ಳ ನಟ್ಟು, ಅದರ ಹಿಂದೆ ವಾಷರು, ಅನಂತರ ಹೊರಗಣ ಬೇರಿಂಗು ಇರುತ್ತವೆ; ಒಳಗಣ ಬೇರಿಂಗೂ ಎಣ್ಣೆಯ ಸೀಲೂ ಹಬ್ಬಿನ ಹಿಂಬದಿಯಲ್ಲಿರುತ್ತವೆ. ಇವೆಲ್ಲವನ್ನೂ ತೊಳೆದು, ನೀಲಿಬಣ್ಣಕ್ಕೆ ತಿರುಗಿದ ಅಥವಾ ಹಳ್ಳಬಿದ್ದ ಬೇರಿಂಗನ್ನು ಬದಲಾಯಿಸಿ, ಉರುಳೆಗಳ ಸಂದುಗಳಿಗೆಲ್ಲ ಹೊಸ ಗ್ರೀಸನ್ನು ತುಂಬಬೇಕು. ಚಕ್ರವನ್ನು ತಿರುಗಿಸುತ್ತ, ತುಸು ತಡೆ ಕಾಣುವವರೆಗೆ ನಟ್ಟನ್ನು ಬಿಗಿದು, ಅನಂತರ ಹತ್ತಿರದ ಗಾಡಿಗೆ ಹಿಂದಕ್ಕೆ ಸಡಿಲಿಸತಕ್ಕದ್ದು. ಚಕ್ರವು ಸರಾಗವಾಗಿ ತಿರುಗಬೇಕು, ಆದರೆ ಅಲುಗಾಡಬಾರದು. ಸ್ಪ್ಲಿಟ್ ಪಿನ್ನು ಪ್ರತಿಸಲವೂ ಹೊಸದಾಗಿರಬೇಕು. ಅದರ ಬದಲು ಮೊಳೆಯನ್ನೋ ಬೇಲಿಯ ತಂತಿಯನ್ನೋ ತೂರಿಸಿದ ಟ್ರೈಲರು ಕಬ್ಬಿನ ಭಾರದೊಂದಿಗೆ ರಸ್ತೆಗೆ ಬಂದಾಗ, ಕಳಚಿದ ಚಕ್ರವು ಎದುರಿಗೆ ಬರುವ ಯಾರನ್ನು ಬಡಿಯುವುದೋ ಹೇಳಲಾಗದು.

ಯಜಮಾನರ ಕರ್ತವ್ಯ

ಮೇಲೆ ಹೇಳಿದ ಕೆಲಸಗಳು ಮನೆಯಂಗಳದಲ್ಲಿ ಆಗತಕ್ಕವು. ಬಾಗಿದ ಕವಲನ್ನು ನೇರಮಾಡುವುದು, ಒಡೆದ ಕೊಳವೆಗೆ ಬೆಸುಗೆ ಹಾಕುವುದು, ಟ್ರಾಕ್ಟರಿನ ಹಿಂಬದಿಯ ದೊಡ್ಡ ಅಚ್ಚನ್ನಾಗಲಿ ಗೇರ್ ಪೆಟ್ಟಿಗೆಯನ್ನಾಗಲಿ ಬಿಚ್ಚುವುದು, ಇವನ್ನು ಅನುಭವಸ್ಥ ಮೆಕ್ಯಾನಿಕ್ಕಿಗೆ ಬಿಡುವುದೇ ವಿವೇಕ.

ಒಂದು ಒಳ್ಳೆಯ ವೈಸು, ಸಾಕೆಟ್ಟುಗಳ ಪೆಟ್ಟಿಗೆ, ಸರ್ಕ್ಲಿಪ್ ಇಕ್ಕುಳ, ಹಿತ್ತಾಳೆಯ ತುಂಡು, ಗ್ರೀಸ್ ಗನ್, ಇಷ್ಟು ಸಾಮಗ್ರಿಯನ್ನು ಪ್ರತಿಯೊಬ್ಬ ಸಣ್ಣ ಹಿಡುವಳಿದಾರನೂ ಕೊಳ್ಳಲಾರನು. ಊರಿನ ಯಜಮಾನರೂ ದೊಡ್ಡ ಜಮೀನುದಾರರೂ ಸಹಕಾರ ಸಂಘದ ಮೂಲಕವಾಗಲಿ ತಾವೇ ಕೂಡಿಯಾಗಲಿ ಒಂದು ಜೊತೆಯನ್ನು ಊರಿಗೆ ಒದಗಿಸಿದರೆ, ಕೆಲಸದ ನಡುವೆ ಪೇಟೆಗೆ ಓಡುವ ತೊಂದರೆ ಎಷ್ಟೋ ಕಡಿಮೆಯಾಗುವುದು. ಬಾಡಿಗೆಗೆ ಯಂತ್ರವನ್ನು ತರಿಸುವವರು ಷಾಫ್ಟಿನ ಮೇಲೆ ಕವಚವಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಗದ್ದೆಗೆ ಇಳಿಸಗೊಡದಿರುವುದು ಅವರ ಅಧಿಕಾರದಲ್ಲಿಯೇ ಇದೆ. ಯಂತ್ರದ ಮೇಲೆ ಕೂರುವವನು ಸಾಮಾನ್ಯವಾಗಿ ಮನೆಯ ಕಿರಿಯ ಮಗನು ಅಥವಾ ಸಂಬಳದ ಆಳು, ಅವಸರಪಡಿಸುವವನು ಯಜಮಾನನು. ಷಾಫ್ಟಿನ ಕೀಲು ಶಬ್ದಮಾಡುತ್ತಿದೆಯೆಂದು ಆಳು ಹೇಳಿದಾಗ, ಇನ್ನೊಂದು ಗದ್ದೆ ಮುಗಿಯಲೆನ್ನದೆ ಇಂಜಿನನ್ನು ನಿಲ್ಲಿಸಹೇಳುವ ಮಾತು ಯಜಮಾನನ ಬಾಯಿಂದಲೇ ಬರತಕ್ಕದ್ದು.

ಮುಂಗಾರಿನ ಉಳುಮೆಗೆ ಮುಂಚೆ ಒಮ್ಮೆ, ಕಬ್ಬಿನ ಸಾಗಣೆಗೆ ಮುಂಚೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲವಾದರೂ ಷಾಫ್ಟನ್ನೂ ಚಕ್ರಗಳನ್ನೂ ಬಿಡುವಿನ ವೇಳೆಯಲ್ಲಿ ಕಳಚಿ ನೋಡುವ ರೂಢಿಯನ್ನು ರೈತಬಾಂಧವರು ಕೈಗೊಳ್ಳುವರೆಂದು ನಂಬಲಾಗಿದೆ. ಹಿರಿಯರು ಗಾಡಿಯ ಕಡಾಣಿಗೆ ಕೊಟ್ಟ ಒಂದು ಸಾಯಂಕಾಲವನ್ನು ಟ್ರಾಕ್ಟರಿಗೂ ಕೊಟ್ಟರೆ ಸಾಕಾಗುವುದು.